ಸುಂದರಿಯ ಮೊಟ್ಟೆಗೆ ಹೊತ್ತ ಹರಕೆ

ನಮ್ಮತ್ತೆ ಬೆಳ್ಳಿಯ ಬಾಯಿಗೆ ಹೆದರದವರು ಗಂಗೊಳ್ಳಿಯಲ್ಲಿ ಯಾರಾದರೂ ಇದ್ದರೆ ತೋರಿಸಿ, ಕೈಮುಗಿಯುತ್ತೇನೆ. ವರ್ಷಾನುಗಟ್ಟಲೆ ಮೀನುಬುಟ್ಟಿ ಹೊತ್ತು ಮನೆಮನೆ ತಿರುಗಿದ ಬಾಯಿ ಅದು. ಮೊಣಕಾಲು ಕೈಕೊಟ್ಟ ಮೇಲೆ ಬುಟ್ಟಿ ಇಳಿಸಿ ಮನೆಯಲ್ಲಿ ಕೂತರು. ಬೈಯಲು ಗಿರಾಕಿಗಳಿಲ್ಲ. ಸೊಸೆಯಾದ ನಾನು ಗೇರುಬೀಜದ ಕಾರ್ಖಾನೆಗೆ ಹೋದರೆ ಸಂಜೆಯೇ ಬರುವುದು. ಉಳಿದದ್ದು ಸುಂದರಿ, ಮುಂಗುಸಿಯ ಬಾಯಿ ತಪ್ಪಿಸಿಕೊಂಡ ನಮ್ಮ ಒಂದೇ ಕೋಳಿ. "ಎಲ್ ಹಾಳಾಗ್ ಹೋಯಿದ್ದೆ?" ಎಂದು ಅತ್ತೆ ಬೈದರೆ ಅದೂ ಸುಮ್ಮನಿರದೆ ಕೊಕ್ಕೊಕ್ಕೋ ಎಂದು ಎದುರಾಡುತ್ತಿತ್ತು. ಇಬ್ಬರಿಗೂ ಹೊತ್ತು ಹೋಗುತ್ತಿತ್ತು.

ಆ ಭಾನುವಾರ ಸುಂದರಿ ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಂತಿತ್ತು. ಅಕ್ಕಿ ಚೆಲ್ಲಿದರೂ ತಿರುಗಿ ನೋಡಲಿಲ್ಲ. ಕೂರುತ್ತದೆ, ತಿಣುಕುತ್ತದೆ, ಏಳುತ್ತದೆ. ಹಿಂದಿನ ವಾರವೇ ಚಿಪ್ಪಿಲ್ಲದ ಮೆತ್ತನೆ ಮೊಟ್ಟೆ ಇಟ್ಟಿತ್ತು. ಅತ್ತೆ ಹೊಟ್ಟೆ ತಡವಿ, "ಅಯ್ಯೋ ಚಂದನಾ, ಮೊಟ್ಟೆ ಒಳ್ಗೇ ಸಿಕ್ಕಿ ಬಿದ್ದಿತ್!" ಎಂದರು.

ಬಲೆ ಹೊಲಿಯುತ್ತಿದ್ದ ಮಾವ ಬಚ್ಚ ತಲೆ ಎತ್ತಿದರು. ಮರುದಿನ ಅಳಿಯ ಊಟಕ್ಕೆ ಬರುವವ. "ಸತ್ರೆ ಯಾರಿಗೂ ಪ್ರಯೋಜ್ನ ಇಲ್ಲೆ. ಸಂಜಿಯೊಳ್ಗೆ ಸರಿ ಆಗ್ದಿರೆ ಕೊಯ್ವ."

"ಹ್ವಾಯ್, ಮೊದ್ಲ್ ನಿಮ್ಮ ನಾಲ್ಗಿ ಕೊಯ್ತೆ!" ಎಂದರು ಅತ್ತೆ.

ನಾನು ಪಶುವೈದ್ಯೆ ಸ್ನೇಹಲತಾ ಅವರಿಗೆ ಫೋನ್ ಮಾಡಿದೆ. ಪುಣ್ಯಾತ್ಗಿತ್ತಿ, ರಜೆಯಾದರೂ ಎತ್ತಿದರು. "ಬೆಚ್ಚಗಿನ ನೀರಲ್ಲಿ ಕೂರಿಸಿ. ಮೊಟ್ಟೆ ಬರುವಲ್ಲಿ ತೆಂಗಿನೆಣ್ಣೆ ಸವರಿ ಕತ್ತಲಲ್ಲಿ ಬಿಡಿ. ಹಿಸುಕಲೇಬೇಡಿ, ಒಳಗೆ ಒಡೆದರೆ ಕೋಳಿ ಉಳಿಯುವುದಿಲ್ಲ. ಸಂಜೆಯೊಳಗೆ ಬಾರದಿದ್ದರೆ ಇಲ್ಲಿಗೇ ತನ್ನಿ. ಕಪ್ಪೆಚಿಪ್ಪಿನ ಪುಡಿ ತಿನ್ನಿಸುತ್ತೀರಾ? ಅದಿಲ್ಲದಿದ್ದರೆ ಮೊಟ್ಟೆಯ ಚಿಪ್ಪು ಗಟ್ಟಿಯಾಗುವುದಿಲ್ಲ." ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿದ ಮೇಲೆ ಸುಂದರಿಗೆ ಹೆಕ್ಕಲು ಚಿಪ್ಪಿನ ಚೂರೇ ಸಿಗುತ್ತಿರಲಿಲ್ಲ. ನಮಗೆ ಹೊಳೆದಿರಲೇ ಇಲ್ಲ.

ಮೀನು ತೊಳೆಯುವ ಬೋಗುಣಿಯಲ್ಲಿ ಸುಂದರಿಯನ್ನು ಕೂರಿಸಿ ಅತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ನೀರು ಆರಿದಂತೆ ನಾನು ಬಿಸಿನೀರು ಬೆರೆಸಿದೆ. "ತಿಣುಕ್ ಮಗಾ, ಒಂಚೂರ್ ತಿಣುಕ್." ಆ ಬಾಯಲ್ಲಿ ಇಷ್ಟು ಮೆತ್ತನೆ ಮಾತು ನಾನು ಕೇಳಿರಲಿಲ್ಲ. ಕೋಳಿ ಕಣ್ಣು ಮುಚ್ಚತೊಡಗಿದಾಗ ಅತ್ತೆ ಅತ್ತೇಬಿಟ್ಟರು.

"ಬೊಬ್ಬರ್ಯಾ, ಇದೊಂದನ್ ಉಳ್ಸಿ ಕೊಡ್! ಮನ್ಯಗೆ ಸಾಕಿದ್ ಕೋಳಿ ನಿಂಗೆ ಕೊಡ್ತೆ!"

ದೋಣಿ ತಡವಾಗಲಿ, ಮಗುವಿಗೆ ಜ್ವರ ಬರಲಿ, ನಮ್ಮ ಕೇರಿಯ ಹೆಂಗಸರು ಕಡಲು ಕಾಯುವ ಬೊಬ್ಬರ್ಯ ದೈವಕ್ಕೆ ಹೇಳಿಕೊಳ್ಳುವುದು ಅದೊಂದೇ ಹರಕೆ. ರೂಢಿಯ ಮಾತು, ಬಾಯಿಗೆ ಬಂದುಬಿಟ್ಟಿತು.

ಮಾವ ಹೊಟ್ಟೆ ಹಿಡಿದು ನಕ್ಕರು. "ಯಾವ್ ಕೋಳಿ ಮಾರಾಯ್ತಿ? ಮನ್ಯಗೆ ಇಪ್ಪುದೇ ಇದೊಂದ್!"

ಅತ್ತೆಯ ಮುಖ ಸಣ್ಣಗಾಯಿತು. ಎಣ್ಣೆ ಸವರಿ, ಕೋಳಿಯನ್ನು ತಮ್ಮ ಹಳೆ ಮೀನುಬುಟ್ಟಿಯಲ್ಲಿ ಮಲಗಿಸಿ ಸೀರೆ ಮುಚ್ಚಿದರು. ಬಿಸಿಲು ಇಳಿಯುವ ಹೊತ್ತಿಗೆ ಬುಟ್ಟಿಯೊಳಗೆ ಸರಪರ ಸದ್ದಾಯಿತು. ಸೀರೆ ಎತ್ತಿದರೆ ಸುಂದರಿ ಎದ್ದು ನಿಂತಿದೆ, ಕಾಲಬುಡದಲ್ಲಿ ಸೊಟ್ಟ ಮೊಟ್ಟೆ!

"ಹರ್ಕಿ ಅಂದ್ರೆ ಹರ್ಕಿ," ಎಂದರು ಮಾವ. "ನಾಳೆ ಬೊಬ್ಬರ್ಯಂಗೆ ಕೊಯ್ವ. ಪ್ರಸಾದ ಅಳಿಯಂಗೂ ಆತ್."

ಅತ್ತೆ ಕೈಕಾಲು ತೊಳೆದು, ಸುಂದರಿಯನ್ನು ಕಂಕುಳಲ್ಲಿಟ್ಟುಕೊಂಡು, ಆ ಮೊಣಕಾಲಲ್ಲೇ ಕುಂಟುತ್ತ ದೈವದ ಗುಡಿಗೆ ನಡೆದರು. ನಾನು ಹಿಂದೆ.

"ಬೊಬ್ಬರ್ಯಾ, ಬಾಯ್ ತಪ್ಪಿ ಹೇಳಿರೂ ಹೇಳಿದ್ದೇ ಸೈ. ಈ ಕೋಳಿ ಇವತ್ತಿಂದ ನಿಂದ್. ಆರೆ ಇದ್ಕೆ ಅಕ್ಕಿ ಹಾಕುಕೆ ನಿಂಗೆ ಪುರ್ಸೊತ್ ಎಲ್ಲಿತ್? ನಿನ್ ಹೆಸ್ರಂಗೆ ನಾನೇ ಸಾಕ್ತೆ. ಬ್ಯಾಡ ಅಂದ್ರೆ ಈಗ್ಲೇ ಹೇಳ್."

ಸ್ವಲ್ಪ ಹೊತ್ತು ಕಾದರು. ದೈವ ಏನೂ ಹೇಳಲಿಲ್ಲ. ಮನೆಗೆ ಬಂದವರೇ ಕೋಳಿಯನ್ನು ಮಾವನೆದುರು ಇಳಿಸಿದರು. "ಹ್ವಾಯ್, ಇದ್ ಈಗ ಬೊಬ್ಬರ್ಯನ್ ಕೋಳಿ. ಧೈರ್ಯ ಇದ್ರೆ ಮುಟ್ಟಿ ಕಾಂಬ!"

ಅಳಿಯನಿಗೆ ಅಂಜಲ್ ಮೀನಿನ ಸಾರಾಯಿತು.

ಈಗ ದೈವದ ಕೋಳಿಯನ್ನು ಬೈಯುವ ಹಾಗಿಲ್ಲವಲ್ಲ. ದಿನಾ ಬೆಳಿಗ್ಗೆ ಮಾವ ಅದಕ್ಕೆ ಚಿಪ್ಪು ಕುಟ್ಟಿ ಪುಡಿ ಮಾಡುತ್ತಾರೆ. ಸುಂದರಿಯ ಪಾಲಿನ ಬೈಗುಳವನ್ನೆಲ್ಲ ಅತ್ತೆ ಪಕ್ಕದಲ್ಲೇ ಕೂತು ಅವರಿಗೆ ಕೊಡುತ್ತಾರೆ.