ಅಜ್ಜಿಯ ಸರದ ಕೊಕ್ಕೆ, ನನ್ನ ಹಲ್ಲು

ಇವತ್ತು ಮದುವೆಗೆ ಹೊರಡುವಾಗ ಸರದ ಕೊಂಡಿ ಕೈಗೆ ಸಿಗದೆ ಮೊಮ್ಮಗಳನ್ನು ಕರೆದೆ. ಕತ್ತು ಬಗ್ಗಿಸಿ ಕೂತಿದ್ದೇ ತಡ, ಎಲ್ಲಿಂದಲೋ ಹರಳೆಣ್ಣೆಯ ವಾಸನೆ ಬಂದಂತಾಯಿತು.

ನಾನು ಚಿಕ್ಕವಳಿದ್ದಾಗ ಸುಗಟೂರಿನ ಜಗಲಿಯಲ್ಲಿ ನನ್ನಜ್ಜಿ ಹರಳೆಣ್ಣೆ ಹಚ್ಚಿದ ತಲೆ ಬಗ್ಗಿಸಿ ಹೀಗೇ ಕೂರುತ್ತಿದ್ದಳು. ಹಿಪ್ಪುನೇರಳೆ ಸೊಪ್ಪು ಕೊಯ್ದು ಒರಟಾದ ಬೆರಳಿಗೆ ಕೊಂಡಿ ಸಿಗುತ್ತಿರಲಿಲ್ಲ. ಅಮ್ಮನ ಸರದ ತಿರುಪು, ಅತ್ತೆಯ ಕೊರಳಿನ ಅಡ್ಡಿಕೆಯ ದಾರ, ಎಲ್ಲ ನನ್ನದೇ ಕೆಲಸ. ಅಜ್ಜಿಯದು ಬರೀ ಕೊಕ್ಕೆ. ಸಿಕ್ಕಿಸಿದ ಮೇಲೆ ಬಿಚ್ಚಿಕೊಳ್ಳದಂತೆ ಹಲ್ಲಿನಿಂದ ಕಚ್ಚಿ ಒತ್ತಬೇಕು.

"ಗಟ್ಟಿಯಾಗಿ ಕಚ್ಚೇ! ಬಸ್ಸಲ್ಲಿ ಸರ ಬಿದ್ದೋದ್ರೆ ನಿಮ್ಮ ತಾತ ನನ್ನನ್ನ ಅಲ್ಲೇ ಬಿಟ್ಬರ್ತಾರೆ."

"ಮುಂದಿನ ಹಲ್ಲೇ ಇಲ್ವಲ್ಲಜ್ಜಿ!"

"ಪಕ್ಕದ ಹಲ್ಲಲ್ಲಿ ಕಚ್ಚೇ."

ಕಚ್ಚಿದೆ, ಕೊಕ್ಕೆಯ ಜೊತೆಗೆ ಅವಳ ಕತ್ತನ್ನೂ. ಕಿರುಚಿದ ಅಜ್ಜಿ, ಯಲ್ದೂರಿನ ಮದುವೆಮನೆಯಲ್ಲಿ ಎಲ್ಲರಿಗೂ ಆ ಗುರುತು ತೋರಿಸಿ ನಕ್ಕಿದ್ದೇ ನಕ್ಕಿದ್ದು.

"ಆಯ್ತಜ್ಜಿ, ಏಳು" ಎಂದಳು ಮೊಮ್ಮಗಳು. ನಾನಿನ್ನೂ ಕತ್ತು ಬಗ್ಗಿಸಿಕೊಂಡೇ ಇದ್ದೆ, ಕಚ್ಚಲಿ ಎಂದು.