ನೀಲಿ ಬೆಳಕಿನಲ್ಲಿ ಕಂಡ ಕಲೆ

ಕಸ್ತೂರಕ್ಕ, ನಿಮ್ಮ ಯಜಮಾನರು ಮಲ್ಲಪ್ಪನವರ ಅನ್ನನಾಳದಲ್ಲಿದ್ದ ಕಲೆ ಎಂಥದ್ದೆಂದು ನನಗೆ ಅಂದೇ ಗೊತ್ತಾಗಿತ್ತು. ಗೊತ್ತಿದ್ದೂ ಏನೂ ಇಲ್ಲ ಎಂದೆ. ಹಾಗೆ ಹೇಳಿಸಿದ್ದು ಅಜ್ಞಾನವಲ್ಲ, ಹೊಟ್ಟೆಕಿಚ್ಚು — ಶೈಲಜಾಳ ಮೇಲಿನ ಹೊಟ್ಟೆಕಿಚ್ಚು.

ನಿಮಗೆ ಅವಳು ಜಮಖಂಡಿಯ ಡಾಕ್ಟರ್ ಬಾಯಿ. ನನಗೆ, ಬನಹಟ್ಟಿಯ ನನ್ನ ಇದೇ ದವಾಖಾನೆಯಲ್ಲಿ ಕೆಲಸ ಕಲಿತ ಹುಡುಗಿ. ಗಂಟಲೊಳಗೆ ನಳಿಕೆ ಇಳಿಸುವಾಗ ರೋಗಿಯ ಭುಜದ ಮೇಲೆ ಕೈಯಿಟ್ಟು ಮಾತಾಡಿಸುತ್ತಿರಬೇಕು ಎಂದು ಹೇಳಿಕೊಟ್ಟವನೇ ನಾನು. ಅಂಥವಳು ಸ್ವಂತ ದವಾಖಾನೆ ತೆರೆದಳು, ನೀಲಿ ಬೆಳಕು ಬಿಟ್ಟು ನೋಡುವ ಹೊಸ ಎಂಡೋಸ್ಕೋಪಿ ಮಶೀನು ತಂದಳು. ಪೂಜೆಗೆ ನನ್ನನ್ನು ಕರೆದು ಕಾಲಿಗೆ ನಮಸ್ಕಾರ ಮಾಡಿದಳು. ಆಶೀರ್ವಾದ ಮಾಡಿದೆ, ಪೇಢೆ ತಿಂದೆ, ಮೈಯೆಲ್ಲ ಉರಿದುಕೊಂಡು ಮನೆಗೆ ಬಂದೆ.

ನನ್ನ ರೋಗಿಗಳು ನನ್ನ ಕಣ್ಣೆದುರೇ ಜಮಖಂಡಿ ಬಸ್ಸು ಹತ್ತತೊಡಗಿದರು. ಕೆಳಗಿನ ಔಷಧ ಅಂಗಡಿಯವನು ಒಂದು ದಿನ, "ಸಾಹೇಬ್ರ, ಬಾಯಾರ ಮಶೀನು ನೋಡೀರೇನ್ರಿ? ಒಳಗಿಂದೆಲ್ಲಾ ಟೀವ್ಯಾಗ ಕಂಡಂಗ ಕಾಣತೈತಂತ" ಎಂದ.

"ನಂದ್ರಾಗೂ ಕಾಣತೈತಲೇ" ಎಂದೆ. ಸುಳ್ಳೇನಲ್ಲ. ನನ್ನ ಹಳೆಯ ಮಶೀನಿನ ಬಿಳಿ ಬೆಳಕಿನಲ್ಲಿ ರೋಗ ಬಲಿತ ಮೇಲೆ ಕಾಣುತ್ತಿತ್ತು. ಅವಳದರಲ್ಲಿ ಮೊಳೆಯುವಾಗಲೇ ಕಾಣುತ್ತಿತ್ತು. ಬೆಳಗಾವಿಯ ಡಾಕ್ಟರರ ಸಭೆಯೊಂದರಲ್ಲಿ ಅಂಥ ಚಿತ್ರಗಳನ್ನು ತೋರಿಸಿ ವಿವರಿಸಿದ್ದರು. ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದೆ.

ಮಲ್ಲಪ್ಪನವರು ತಂಬಾಕು ಅಗಿಯುತ್ತಲೇ ಮಗ್ಗ ನಡೆಸಿದವರು. ರೊಟ್ಟಿ ಎದೆಯಲ್ಲಿ ಸಿಕ್ಕಂತಾಗುತ್ತದೆ ಎಂದು, ನನಗೊಂದು ಮಾತು ಹೇಳದೆ, ಅವಳ ಹತ್ತಿರ ಹೋದರು. ಅದೂ ನನ್ನನ್ನು ಚುಚ್ಚಿತು, ಮುಚ್ಚಿಡುವುದೇಕೆ... ಅವಳು ಕಲೆ ಕಂಡು, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೆಂದಳು. ನೀವು ಒಪ್ಪಲಿಲ್ಲ. ನಮ್ಮ ಕಡೆಯ ರೂಢಿಯೇ ಅದು — ಎಂಥ ದೊಡ್ಡ ಡಾಕ್ಟರು ಹೇಳಲಿ, ಮನೆಯ ಡಾಕ್ಟರು ಹೂಂ ಅನ್ನುವ ತನಕ ಮೈಗೆ ಚಾಕು ಮುಟ್ಟಿಸುವುದಿಲ್ಲ. ಅವಳು ಕೊಟ್ಟ ಫೋಟೋ ಹಿಡಿದುಕೊಂಡು ಗಂಡ ಹೆಂಡತಿ ನನ್ನಲ್ಲಿಗೆ ಬಂದಿರಿ.

ನೋಡಿದೆ. ಚಹಾ ಚೆಲ್ಲಿದಂಥ ಕಂದು ಕಲೆ, ಅದರೊಳಗೆ ಸಣ್ಣ ಸಣ್ಣ ಚುಕ್ಕೆ. ಬೆಳಗಾವಿಯಲ್ಲಿ ತೋರಿಸಿದ್ದು ಇದನ್ನೇ, ಮೊಳೆಯುತ್ತಿರುವ ಕ್ಯಾನ್ಸರ್. ಇನ್ನೂ ಮೇಲ್ಪದರದಲ್ಲೇ ಇದ್ದಿರಬೇಕು. ಚೂರು ತೆಗೆದು ಖಾತ್ರಿ ಮಾಡಿಕೊಂಡಿದ್ದರೆ, ಎದೆ ಕೊಯ್ಯದೆ, ನಳಿಕೆಯ ಮೂಲಕವೇ ಸುಲಿದು ತೆಗೆಯಬಹುದಿತ್ತು. ಇದೆಲ್ಲ ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು — ಇದನ್ನು ಹಿಡಿದವಳು ಅವಳು. ಮಲ್ಲಪ್ಪ ಬದುಕಿದರೆ ಬನಹಟ್ಟಿಯೆಲ್ಲ ಅವಳ ಹೆಸರೇ ಹೇಳುತ್ತದೆ.

ನೀವು ಕೇಳಿದಿರಿ, "ಸಾಹೇಬ್ರ, ಚೂರು ತಗದ್ರ ಬ್ಯಾನಿ ಮೈತುಂಬ ಹಬ್ಬತೈತಿ ಅಂತಾರ. ಖರೇನ್ರಿ?"

ಖರೆಯಲ್ಲ. ಖರೆಯಲ್ಲವೆಂದು ಎಷ್ಟೋ ಮಂದಿಗೆ ತಿಳಿಹೇಳಿದವನು ನಾನೇ. ಅಂದು ಮಾತ್ರ — ಫೋಟೋ ನಿಮ್ಮ ಕೈಗೆ ಕೊಟ್ಟು ಹೇಳಿದೆ, "ಆ ನೀಲಿ ಬೆಳಕಿನ್ಯಾಗ ಎಲ್ಲಾರದೂ ಹಂಗ ಕಾಣತೈತಿ. ಇದು ಆ್ಯಸಿಡಿಟಿ. ಸುಮ್ಮನ ಯಾಕ ಕೆದಕಸ್ತೀರಿ?"

"ನೀವು ಅಂದ್ರ ಆತು ಬಿಡ್ರಿ" ಎಂದು ಮಲ್ಲಪ್ಪನವರು ನಕ್ಕರು. ನಾನೂ ನಕ್ಕೆ. ಅವರು ಗಂಡಾಂತರ ತಪ್ಪಿತೆಂದು ನಕ್ಕಿದ್ದರು. ನಾನು, ನನ್ನ ರೋಗಿ ನನಗೇ ಮರಳಿದನೆಂದು.

ಕೆಲವು ದಿನ ಬಿಟ್ಟು ಶೈಲಜಾ ಫೋನ್ ಮಾಡಿದಳು. "ಸರ್, ಮಲ್ಲಪ್ಪನವರು ತಿರುಗಿ ಬರಲೇ ಇಲ್ರಿ. ನೀವರೆ ಒಂದ ಮಾತು ಹೇಳ್ರಿ, ನಿಮ್ಮ ಮಾತು ಮೀರೂದಿಲ್ಲ ಅವರು." ಹೇಳ್ತೀನಿ ಎಂದೆ. ಹೇಳಲಿಲ್ಲ.

ಮುಂದಿನ ಕಬ್ಬಿನ ಹಂಗಾಮು ಬರುವಷ್ಟರಲ್ಲಿ ಅವರಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಆಗ ನನ್ನ ಹಳೆಯ ಮಶೀನಿನಲ್ಲೂ ಚೆನ್ನಾಗಿಯೇ ಕಂಡಿತು. ಹುಬ್ಬಳ್ಳಿಗೆ ಕಳಿಸಿದೆ, ಕಾಲ ಮೀರಿತ್ತು. ಅವರನ್ನು ಮಣ್ಣು ಮಾಡಲು ಬಂದ ಜನ, "ಆ ಬಾಯಿ ನಳಿಗಿ ಹಾಕಿ ಕೆದಕಿದ್ಲು, ಅದಕ್ಕ ಹಬ್ಬಿತು" ಎಂದರು. ನಾನು ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಅಷ್ಟೇ ಆಗಿದ್ದರೆ — ಇಲ್ಲ, ಪೂರ್ತಿ ಹೇಳುತ್ತೇನೆ. ಒಳಗೆ ಖುಷಿಯಾಯಿತು. ನೀವು ಅಳುತ್ತಿದ್ದಿರಿ, ನನಗೆ ಖುಷಿಯಾಗಿತ್ತು. ಆಮೇಲೆ ನಮ್ಮ ಓಣಿಯಿಂದ ಅವಳ ಕಡೆ ಹೋಗುವವರು ಕಡಿಮೆಯಾದರು. ಮಲ್ಲಪ್ಪನವರಿಗೆ ಯಾಕೆ ಹೇಳಲಿಲ್ಲವೆಂದು ಅವಳು ಒಂದು ದಿನವೂ ನನ್ನನ್ನು ಕೇಳಲಿಲ್ಲ.

ಮೊನ್ನೆ ನಿಮ್ಮ ಮೈದುನ ಈರಪ್ಪನನ್ನು ಕರೆದುಕೊಂಡು ಬಂದಿರಿ. ಅವನಿಗೂ ರೊಟ್ಟಿ ಸಿಕ್ಕಂತಾಗುತ್ತದೆ. "ಜಮಖಂಡಿಗೆ ಹೋಗ್ರಿ, ಬಾಯಾರು ಚೂರು ತಗೀತೀನಿ ಅಂದ್ರ ತಗಸ್ರಿ" ಎಂದೆ.

ಈರಪ್ಪ ಕುರ್ಚಿ ಹಿಂದಕ್ಕೆ ಸರಿಸಿದ. "ಆಕಿ ಕೈ ಹಚ್ಚಿದ್ದಕ್ಕ ನಮ್ಮಣ್ಣ ಹ್ವಾದ. ನಾ ಒಲ್ಲೆರಿ" ಎಂದ.

ನೀವು ನನ್ನನ್ನೇ ನೋಡಿ, "ಅವರಿಗೆ ಬ್ಯಾಡ ಅಂದಿದ್ರಿ, ಇವಗ್ಯಾಕ ತಗಸಂತೀರಿ ಸಾಹೇಬ್ರ?" ಎಂದಿರಿ. ನಾನು ಆ್ಯಸಿಡಿಟಿಯ ಗುಳಿಗೆ ಮುಂದಿಟ್ಟೆ. ತೆಗೆದುಕೊಂಡು ಎದ್ದು ಹೋದಿರಿ.

ನಾಳೆ ಮುಂಜಾನೆ ನಿಮ್ಮ ಮನೆಗೆ ಬರುತ್ತೇನೆ. ಮಲ್ಲಪ್ಪನವರು ಹೋದದ್ದು ಅವಳು ಕೈ ಹಚ್ಚಿದ್ದಕ್ಕಲ್ಲ, ಹಚ್ಚದಂತೆ ನಾನು ತಡೆದದ್ದಕ್ಕೆ ಎಂದು ಈರಪ್ಪನ ಎದುರೇ ಹೇಳುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೆ ಬಾಗಿಲಲ್ಲೇ ಹೇಳುತ್ತೇನೆ. ಆಮೇಲೆ ನನ್ನ ಯಾವ ಮಾತನ್ನೂ ನಂಬಬೇಡಿ, ಅಕ್ಕ. ಆದರೆ ಅವನನ್ನು ಜಮಖಂಡಿಗೆ ಕರೆದುಕೊಂಡು ಹೋಗಿ.