ಗಾಜಿನ ತಟ್ಟೆಯ ಮದ್ದು

ಆ ಪುಡಿಯನ್ನು ಕುಡಿಯಬಾರದು ಎಂಬ ಒಂದು ಮಾತನ್ನು ನಾನು ಅಕ್ಕನಿಗೆ ತಲುಪಿಸಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಅವಳು ಕುಡಿಯುತ್ತಲೇ ಹೋದಳು.

ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕೊಪ್ಪದ ಕಾಲೇಜೊಂದರಲ್ಲಿ ಗಿಡಮೂಲಿಕೆಗಳ ಪರೀಕ್ಷೆ ಮಾಡುತ್ತಿದ್ದ ಮೇಡಂ ಒಬ್ಬರ ಬಳಿ ಕೆಲಸಕ್ಕಿದ್ದೆ. ಶೃಂಗೇರಿ, ಕಿಗ್ಗದ ಕಡೆಯಿಂದ ಬಂದ ಸೊಪ್ಪು, ತೊಗಟೆಗಳನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡುವುದು ನನ್ನ ಕೆಲಸ. ಒಂದು ಬಳ್ಳಿಯ ಸಾರ ಬಿಟ್ಟಾಗ ಪರೀಕ್ಷೆಯ ನೇರಳೆ ಬಣ್ಣದ ದ್ರವ ನನ್ನ ಕಣ್ಣೆದುರೇ ಹಳದಿಯಾಯಿತು; ಸಾರದಲ್ಲಿ ಗುಣವಿದೆ ಎಂಬುದಕ್ಕೆ ಅದು ಗುರುತಂತೆ. ಆಮೇಲೆ ದೊಡ್ಡ ಊರಿನ ಪ್ರಯೋಗಾಲಯದಿಂದ ಸುದ್ದಿ ಬಂತು — ಅದೇ ಸಾರಕ್ಕೆ ಕ್ಯಾನ್ಸರಿನ ಜೀವಕಣಗಳು ಸತ್ತಿವೆಯಂತೆ. ಮೇಡಂ ಸಿಹಿ ಹಂಚಿದರು. ಆ ಬಳ್ಳಿಯ ಹೆಸರನ್ನು ಇಲ್ಲಿ ಬರೆಯಲಾರೆ. ಇದನ್ನು ಓದಿದವರು ಯಾರಾದರೂ ಹುಡುಕಿಕೊಂಡು ಹೋದರೆ —

ನರಸಿಂಹರಾಜಪುರದಲ್ಲಿದ್ದ ಅಕ್ಕನ ಎದೆಯಲ್ಲಿ ಆಗಲೇ ಗಂಟು ಕಾಣಿಸಿಕೊಂಡಿತ್ತು. ಭಾವನಿಗೂ ಹೇಳದೆ ನನಗೊಬ್ಬಳಿಗೇ ತೋರಿಸಿದ್ದಳು. ಡಾಕ್ಟರ ಮಾತೆತ್ತಿದರೆ ನಾಚಿಕೆಯಿಂದ ಅಳುತ್ತಿದ್ದಳು. ನಾನು ಮೇಡಂಗೆ ತಿಳಿಸದೆ ಆ ಬಳ್ಳಿಯ ಪುಡಿಯನ್ನು ಪೊಟ್ಟಣ ಕಟ್ಟಿ ಒಯ್ದೆ. ಕಷಾಯ ಕುಡಿದ ಅಕ್ಕ ಮುಖ ಕಿವುಚಿ ನಕ್ಕಳು: "ಎಂತ ಕಹಿಯೇ ಇದು! ಗಂಟು ಕರಗೋ ಮೊದ್ಲು ನಾನೇ ಕರಗಿ ಹೋಗ್ತೀನಿ."

ಕೆಲವು ವಾರಗಳ ಮೇಲೆ ಧೈರ್ಯ ಮಾಡಿ, ಆ ಪುಡಿಯನ್ನು ಕುಡಿಯಬಹುದೇ ಎಂದು ಮೇಡಂ ಅವರನ್ನು ಕೇಳಿದೆ.

"ಕುಡಿಯೋದಾ? ಕಣ ಸತ್ತಿದ್ದು ಗಾಜಿನ ತಟ್ಟೆಲಿ ಮಾರಾಯ್ತಿ, ಮನುಷ್ಯರ ಮೈಯೊಳಗಲ್ಲ. ಸೀಮೆಎಣ್ಣೆ ಹೊಯ್ದರೂ ಅವು ಸಾಯ್ತವೆ. ಹಂಗಂತ ಸೀಮೆಎಣ್ಣೆ ಕುಡೀತೀಯಾ? ಯಾರಿಗಾದ್ರೂ ಗಂಟಿದ್ರೆ ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಹೋಗು."

ಬಸ್ಸಿನಲ್ಲಿ ಆ ಮಾತನ್ನೇ ಹೇಳಿಕೊಳ್ಳುತ್ತಾ ಹೋದೆ. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ನೋವು ಕಮ್ಮಿ ಆದಂಗಿದೆ ಕಣೆ. ನಿನ್ನ ಕೈಗುಣ!"

ಅಷ್ಟೇ. ಮೇಡಂ ಹೇಳಿದ್ದನ್ನು ನುಂಗಿಕೊಂಡು ಒಳಗೆ ಹೋದೆ. ಓದಿದವಳು, ಅಂಗಡಿ ಮನೆತನದ ಸೊಸೆ — ಅಂಥವಳು ನನ್ನ ದಾರಿ ಕಾಯುತ್ತಿದ್ದಳು. ಕದ್ದದ್ದು ಗೊತ್ತಾದೀತೆಂಬ ಭಯವೂ ಇತ್ತು. ಆದರೆ ಭಯಕ್ಕಿಂತ ಆ ಹೊಗಳಿಕೆಯೇ ನನಗೆ ದೊಡ್ಡದಾಗಿತ್ತು. ಮುಂದಿನ ಸಲ ಮತ್ತೆ ಪುಡಿ ಒಯ್ದೆ. ಅದರ ಮುಂದಿನ ಸಲವೂ —

ಗಂಟು ಒಡೆದು ವಾಸನೆ ಬಂದ ಮೇಲೆ ಭಾವನಿಗೆ ತಿಳಿಯಿತು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಅಕ್ಕ ನನ್ನ ಹೆಸರೆತ್ತಲಿಲ್ಲ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು.

ಹಾಸಿಗೆ ಹಿಡಿದ ಅವಳನ್ನು ನೋಡಲು ಪಕ್ಕದ ಮನೆಯ ಗಿರಿಜಕ್ಕ ಬಂದರು. ತಮಗೂ ಎದೆಯಲ್ಲಿ ಒಂದು ಗಂಟಾಗಿದೆ ಎಂದು ಮೆಲ್ಲಗೆ ಹೇಳಿದರು. ಅಕ್ಕ ನನ್ನ ಕೈ ಹಿಡಿದಳು.

"ಇವ್ರಿಗೂ ಆ ಪುಡಿ ತಂದ್ಕೊಡೆ. ನಾನಿಷ್ಟು ದಿನ ಉಳಿದಿದ್ದೇ ಅದ್ರಿಂದ."

ಗಿರಿಜಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಆಸೆಯಿಂದ. ಅಕ್ಕ ನೋಡುತ್ತಿದ್ದ ಹಾಗೆಯೇ.

"ಬೇಡ ಗಿರಿಜಕ್ಕ, ನಾಳೆನೇ ಆಸ್ಪತ್ರೆಗೆ ಹೋಗಿ," ಎಂದೆ. "ಅಕ್ಕಾ, ಅದು ಮದ್ದಲ್ಲ. ಕುಡೀಬಾರ್ದು ಅಂತ ಮೇಡಂ ಆಗ್ಲೇ ಹೇಳಿದ್ರು. ನಂಗೆ ಗೊತ್ತಿತ್ತು, ನಿಂಗೆ ಹೇಳ್ಲಿಲ್ಲ. ನನ್ನಿಂದ ತಪ್ಪಾಯ್ತು ಅಕ್ಕಾ... ತಪ್ಪಾಯ್ತು."